ಹೊಳೆ ದಾಟಿದ ಮೇಲಿನ ನ್ಯಾಯ

ನಮ್ಮ ಸಿದ್ದಾಪುರದಿಂದ ಹೊರಟು ಅಮ್ಮತ್ತಿಯ ಮೇಲೆ ಪಡುವಣಕ್ಕೆ ಹೋದರೆ ವಿರಾಜಪೇಟೆ ಸಿಕ್ಕುತ್ತದೆ. ಕಾವೇರಿಯ ಸೇತುವೆಯನ್ನು ದಾಟಿ, ನೆಲ್ಲಿಹುದಿಕೇರಿಯ ಮಾರ್ಗವಾಗಿ ಬಡಗಣಕ್ಕೆ ಹೋದರೆ ಕುಶಾಲನಗರ. ವಿರಾಜಪೇಟೆಯ ಪೂರ್ಣ ಹೆಸರು ವೀರರಾಜೇಂದ್ರಪೇಟೆ. ಹಾಲೇರಿ ವಂಶದ ದೊಡ್ಡವೀರರಾಜೇಂದ್ರನು ಈಸ್ಟ್ ಇಂಡಿಯಾ ಕುಂಪಣಿಯ ದಂಡನಾಯಕ ಅಬರ್‌ಕ್ರೋಂಬಿಯನ್ನು ಕಂಡುದರ ನೆನಪಿಗಾಗಿ ೧೭೯೨ರಲ್ಲಿ ಕಟ್ಟಿಸಿದ ಪೇಟೆ ಅದು. ಕುಶಾಲನಗರಕ್ಕೆ ಇಂಗ್ಲಿಷರ ಕಾಲದಲ್ಲಿ ಫ್ರೇಸರ್‌ಪೇಟೆ ಎಂಬ ಹೆಸರಿತ್ತು. ಹಳಬರ ಬಾಯಲ್ಲಿ ಆ ಹೆಸರು ಬಹುಕಾಲ ಉಳಿದಿತ್ತು. ಈ ಫ್ರೇಸರನು ೧೮೩೪ರಲ್ಲಿ ಅದೇ ಹಾಲೇರಿ ವಂಶದ ಕೊನೆಯ ದೊರೆಯನ್ನು ಗದ್ದುಗೆಯಿಂದ ಇಳಿಸಿ, ಕೊಡಗನ್ನು ಕುಂಪಣಿಯ ಸ್ವತ್ತಿಗೆ ಸೇರಿಸಿದವನು. ಒಂದು ಸ್ನೇಹದ ಪೇಟೆ, ಇನ್ನೊಂದು ಹಗೆಯ ಪೇಟೆ. ಇವೆರಡರ ನಡುವೆ ಇರುವುದು ನಾಲ್ವತ್ತೆರಡು ವರ್ಷ.

ಈ ನಾಲ್ವತ್ತೆರಡು ವರ್ಷಗಳಲ್ಲಿ ಏನು ಬದಲಾಯಿತು? ರಾಜರು ಬದಲಾದರೆ, ಕುಂಪಣಿ ಬದಲಾಯಿತೆ, ಅಥವಾ ಅವರಿಬ್ಬರಿಗೂ ಒಬ್ಬರಿಂದೊಬ್ಬರಿಗೆ ಇದ್ದ ಪ್ರಯೋಜನ ಬದಲಾಯಿತೆ? ಕೊಡಗಿನ ಚರಿತ್ರೆಯನ್ನು ಓದುವವರಿಗೆ ಈ ಪ್ರಶ್ನೆ ಮೂಡದೆ ಇರದು. ನಮ್ಮಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಚಿಕ್ಕವೀರರಾಜನು ರಕ್ತಪಿಪಾಸು, ಇಂಗ್ಲಿಷರು ಬಂದು ನಾಡನ್ನು ಉಳಿಸಿದರು ಎಂಬುದು ಒಂದು. ರಾಜನು ನಿರಪರಾಧಿ, ನಾಡನ್ನು ನುಂಗಬೇಕೆಂದಿದ್ದ ಇಂಗ್ಲಿಷರು ಅವನ ಮೇಲೆ ಕಥೆ ಕಟ್ಟಿದರು ಎಂಬುದು ಇನ್ನೊಂದು. ಎರಡೂ ಅರ್ಧ ಮಾತುಗಳೆಂದು ನನಗೆ ತೋರುತ್ತದೆ. ರಾಜನ ಕ್ರೌರ್ಯ ಸುಳ್ಳಲ್ಲ. ಆದರೆ ಆ ಕ್ರೌರ್ಯವನ್ನು ಬಲ್ಲವರೇ ಬಹುಕಾಲ ಅದಕ್ಕೆ ಆಸರೆಯಾಗಿ ನಿಂತಿದ್ದರು ಎಂಬುದೂ ಸುಳ್ಳಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದು ನೋಡುವುದು ಈ ಲೇಖನದ ಉದ್ದೇಶ.

ಕಥೆ ಆರಂಭವಾಗುವುದು ಒಂದು ಸೆರೆಮನೆಯಿಂದ. ಟಿಪ್ಪುವಿನ ಕಾಲದಲ್ಲಿ ಹಾಲೇರಿ ವಂಶದವರು ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದರು. ೧೭೮೮ರ ಡಿಸೆಂಬರಿನಲ್ಲಿ ದೊಡ್ಡವೀರರಾಜೇಂದ್ರನು ಅಲ್ಲಿಂದ ತಪ್ಪಿಸಿಕೊಂಡು ಕೊಡಗನ್ನು ಸೇರಿದನು. ಕೊಡಗರು ಅವನ ಸುತ್ತ ನೆರೆದರು. ಟಿಪ್ಪುವಿನ ಠಾಣೆಗಳು ಒಂದೊಂದಾಗಿ ಬಿದ್ದವು. ಅವನು ಧೈರ್ಯಶಾಲಿ, ಮಾತಿಗೆ ನಿಲ್ಲತಕ್ಕವನು ಎಂಬುದನ್ನು ಅವನ ವಿರೋಧಿಗಳೂ ಒಪ್ಪುತ್ತಾರೆ.

ಆಗ ತಲಚೇರಿಯಲ್ಲಿ ಕುಂಪಣಿಯ ಕೋಠಿ ಇತ್ತು. ಕುಂಪಣಿಗೆ ಟಿಪ್ಪುವಿನ ಮೇಲೆ ಯುದ್ಧ ಮಾಡಬೇಕಾಗಿತ್ತು. ಬೊಂಬಾಯಿಯ ಸೈನ್ಯ ಕಡಲ ಮೇಲೆ ಕಣ್ಣಾನೂರಿಗೆ ಬಂದಿಳಿಯಬಹುದು. ಆದರೆ ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹೋಗುವುದು ಹೇಗೆ? ನಡುವೆ ಘಟ್ಟವಿದೆ, ಘಟ್ಟದ ಮೇಲೆ ಕೊಡಗಿದೆ. ಆ ದಾರಿಯ ಬೀಗದ ಕೈ ಕೊಡಗಿನ ರಾಜನ ಸೊಂಟದಲ್ಲಿತ್ತು. ೧೭೯೦ರಲ್ಲಿ ತಲಚೇರಿಯ ಕೋಠಿಯ ಮುಖ್ಯಾಧಿಕಾರಿ ರಾಬರ್ಟ್ ಟೇಲರನ ಮೂಲಕ ಕುಂಪಣಿಗೂ ರಾಜನಿಗೂ ಒಡಂಬಡಿಕೆಯಾಯಿತು. ಟಿಪ್ಪು ಇಬ್ಬರಿಗೂ ಶತ್ರು. ರಾಜನು ಸೈನ್ಯಕ್ಕೆ ದಾರಿಯನ್ನೂ ದವಸವನ್ನೂ ಒದಗಿಸಬೇಕು. ಕುಂಪಣಿ ಅವನ ಸ್ವಾತಂತ್ರ್ಯವನ್ನು ಕಾಯಬೇಕು. ಒಪ್ಪಂದದ ತಿರುಳು ಇಷ್ಟು.

ರಾಜನು ತನ್ನ ಮಾತನ್ನು ಪೂರ್ತಿಯಾಗಿ ನಡೆಸಿದನು. ೧೭೯೧ರಲ್ಲಿಯೂ ೧೭೯೨ರಲ್ಲಿಯೂ ಅಬರ್‌ಕ್ರೋಂಬಿಯ ಸೈನ್ಯ ಹೆಗ್ಗಳದ ಘಟ್ಟವನ್ನು ಹತ್ತಿ ಕೊಡಗಿನ ಮೂಲಕ ಹಾದುಹೋಯಿತು. ಅಕ್ಕಿ, ಎತ್ತು, ಹೊರೆಯಾಳು ಎಲ್ಲವನ್ನೂ ನಾಡು ಕೊಟ್ಟಿತು. ಶ್ರೀರಂಗಪಟ್ಟಣದ ಸಂಧಿಯಲ್ಲಿ ಕೊಡಗನ್ನು ಬಿಟ್ಟುಕೊಡಲು ಟಿಪ್ಪು ಸುತರಾಂ ಒಪ್ಪಲಿಲ್ಲ. ತನ್ನ ರಾಜಧಾನಿಯ ಬಾಗಿಲಲ್ಲೇ ಇರುವ ನಾಡನ್ನು ಶತ್ರುವಿನ ಮಿತ್ರನಿಗೆ ಕೊಡುವುದು ಹೇಗೆಂಬುದು ಅವನ ಆಕ್ಷೇಪ. ಕಾರ್ನ್‌ವಾಲಿಸನು ಪಟ್ಟುಹಿಡಿದನು, ಕೊಡಗು ಕುಂಪಣಿಯ ರಕ್ಷಣೆಗೆ ಬಂದಿತು. ಅದಕ್ಕೆ ಪ್ರತಿಯಾಗಿ ರಾಜನು ವರ್ಷಕ್ಕೆ ೮,೦೦೦ ವರಹ, ಎಂದರೆ ೨೪,೦೦೦ ರೂಪಾಯಿ, ಕಪ್ಪ ಕೊಡತಕ್ಕದ್ದೆಂದಾಯಿತು. ಸ್ವಾತಂತ್ರ್ಯವನ್ನು ಕಾಯುವ ಭರವಸೆ ಎರಡೇ ವರ್ಷದಲ್ಲಿ ಕಪ್ಪವಾಗಿ ಪರಿಣಮಿಸಿತ್ತು.

೧೭೯೯ರಲ್ಲಿ ಮತ್ತೆ ಅದೇ ದಾರಿ ಬೇಕಾಯಿತು. ಆ ವರ್ಷದ ಮಾರ್ಚ್ ೬ರಂದು ಪಿರಿಯಾಪಟ್ಟಣದ ಹತ್ತಿರದ ಸಿದ್ದೇಶ್ವರದ ಬೆಟ್ಟದ ಬಳಿ ಟಿಪ್ಪುವಿನ ಸೈನ್ಯ ಬೊಂಬಾಯಿಯ ಸೈನ್ಯದ ಮೇಲೆ ಬಿದ್ದು ಸೋತು ಹಿಂದಿರುಗಿತು. ಹೆಸರು ಹೋಲುತ್ತದೆಂದು ಅದನ್ನು ನಮ್ಮ ಸಿದ್ದಾಪುರವೆಂದು ತಿಳಿಯಬಾರದು. ಎರಡು ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದನು. ಕುಂಪಣಿ ರಾಜನಿಗೆ ಕೃತಜ್ಞತೆ ತೋರಿಸಿತು: ಕಪ್ಪವನ್ನು ಬಿಟ್ಟು, ಅದರ ಬದಲು ವರ್ಷಕ್ಕೊಂದು ಆನೆಯನ್ನು ಕಳುಹಿಸಿದರೆ ಸಾಕೆಂದಿತು. ಗವರ್ನರ್ ಜನರಲ್ ವೆಲ್ಲೆಸ್ಲಿಯಿಂದ ಖಡ್ಗದ ಉಡುಗೊರೆ ಬಂದಿತು. ಕೆಲವು ವರ್ಷಗಳ ಮೇಲೆ ಘಟ್ಟದ ಕೆಳಗಿನ ಪಂಜ, ಬೆಳ್ಳಾರೆ ಸೀಮೆಗಳೂ ಬಂದುವು. ವರ್ಷಕ್ಕೊಂದು ಆನೆಯನ್ನು ಹಿಡಿದುಕೊಡುವುದು ಕೊಡಗಿಗೆ ಕಷ್ಟವಾಗಿದ್ದಿರಲಾರದು. ಕರೆಯದೆಯೇ ತೋಟಕ್ಕೆ ಬಂದು ನಿಲ್ಲುವ ಆನೆಗಳನ್ನು ಇಂದಿಗೂ ಕಾಣುತ್ತಿರುವ ಸಿದ್ದಾಪುರದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಇಲ್ಲಿಗೆ ಸ್ನೇಹದ ಅಧ್ಯಾಯ ಮುಗಿಯಿತು. ಮುಂದಿನದು ಕಣ್ಣು ಮುಚ್ಚಿಕೊಂಡ ಅಧ್ಯಾಯ.

೧೮೦೭ರಲ್ಲಿ ರಾಣಿ ಮಹದೇವಮ್ಮಾಜಿ ತೀರಿಕೊಂಡಳು. ರಾಜನಿಗೆ ಗಂಡು ಸಂತಾನವಿರಲಿಲ್ಲ. ತನ್ನ ನಂತರ ಹಿರಿಯ ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕು ಎಂಬ ಚಿಂತೆಯೊಂದೇ ಅವನ ಮನಸ್ಸನ್ನು ತುಂಬಿತು. ಸುತ್ತಲಿನವರೆಲ್ಲ ಈ ಮಗುವಿನ ಹಕ್ಕಿಗೆ ಹೊಂಚು ಹಾಕುತ್ತಿದ್ದಾರೆಂಬ ಸಂಶಯ ಹತ್ತಿತು. ಸಂಶಯ ಹುಚ್ಚಾಯಿತು, ಹುಚ್ಚು ಕೊಲೆಯಾಯಿತು. ಅಧಿಕಾರಿಗಳೂ ಆಳುಗಳೂ ಬಂಧುಗಳೂ ಅವನ ಕೋಪಕ್ಕೆ ತುತ್ತಾದರು. ಪಿರಿಯಾಪಟ್ಟಣದ ಸೆರೆಯಿಂದ ಹೊರಬಂದು ನಾಡನ್ನು ಬಿಡಿಸಿದ ಕೈಯೇ ನಾಡಿನವರ ಕೊರಳಿಗೆ ಬಂದಿತು. ಕುಂಪಣಿಗೆ ಇದು ತಿಳಿಯದೆ ಇರಲಿಲ್ಲ. ರಾಜನ ಸ್ಥಿತಿಯನ್ನು ನೋಡಲು ಅದು ತನ್ನ ವೈದ್ಯನೊಬ್ಬನನ್ನೇ ಮಡಿಕೇರಿಗೆ ಕಳುಹಿಸಿತ್ತು. ಆದರೆ ಮಿತ್ರನ ಮನೆಯ ವಿಚಾರ. ಕೈ ಹಾಕಬೇಕೆಂದು ಅದಕ್ಕೆ ತೋರಲಿಲ್ಲ. ದೇವಮ್ಮಾಜಿಗೆ ಪಟ್ಟವೆಂಬ ರಾಜನ ಏರ್ಪಾಟಿಗೆ ಮಾತ್ರ ಒಪ್ಪಿಗೆ ಕೊಟ್ಟಿತು. ೧೮೦೯ರಲ್ಲಿ ರಾಜನು ತೀರಿಕೊಂಡನು.

ಆ ಒಪ್ಪಿಗೆ ಎಷ್ಟು ದಿನ ಬಾಳಿತು? ದೇವಮ್ಮಾಜಿ ಇನ್ನೂ ಸಣ್ಣ ಹುಡುಗಿ. ಅವಳ ಚಿಕ್ಕಪ್ಪ ಲಿಂಗರಾಜನು ಮೊದಲು ಅವಳ ಪರವಾಗಿ ಆಳುವವನಾಗಿ ಬಂದು, ೧೮೧೧ರಲ್ಲಿ ತಾನೇ ರಾಜನಾದನು. ಸತ್ತ ಮಿತ್ರನಿಗೆ ಕೊಟ್ಟ ಮಾತಿಗಿಂತ ಬದುಕಿರುವವನ ಸ್ನೇಹ ಹೆಚ್ಚು ಉಪಯುಕ್ತವೆಂದು ಕುಂಪಣಿಗೆ ತೋರಿರಬೇಕು; ಲಿಂಗರಾಜನನ್ನು ಅದು ಒಪ್ಪಿಕೊಂಡಿತು. ಆ ಬಾಲೆಗೆ ಪಟ್ಟ ತಪ್ಪಿದ್ದನ್ನು ಅದು ಅಪರಾಧವೆಂದು ಎಣಿಸಲಿಲ್ಲ.

ಲಿಂಗರಾಜನು ಸಾಮಾನ್ಯನಲ್ಲ. ಭೂಮಿಯನ್ನು ಅಳೆಯಿಸಿ ಕಂದಾಯಕ್ಕೆ ಶಿಸ್ತು ಮಾಡಿದವನು ಅವನು. ಅವನ ಹುಕುಂನಾಮೆ ಕೊಡಗಿನ ಆಡಳಿತದ ಇತಿಹಾಸದಲ್ಲಿ ಹೆಸರಾದ ದಾಖಲೆ. ಮಡಿಕೇರಿಯ ಅರಮನೆಯನ್ನು ಈಗಿನ ರೂಪಕ್ಕೆ ತಂದವನು, ಓಂಕಾರೇಶ್ವರನ ಗುಡಿಯನ್ನು ಕಟ್ಟಿಸಿದವನು. ಅದರ ಜೊತೆಗೇ ಅವನು ನಾಡಿನ ಗಡಿಗಳಲ್ಲಿ ಉಕ್ಕಡ ಕಟ್ಟಿ, ತನ್ನ ಅಪ್ಪಣೆ ಇಲ್ಲದೆ ಯಾರೂ ಹೊರಗೆ ಹೋಗದಂತೆ ಕಾವಲಿಟ್ಟವನು. ಅವನ ಹೆಸರಿಗೆ ನಾಡೇ ನಡುಗುತ್ತಿತ್ತು. ೧೮೧೧ರಲ್ಲಿ ಕುಂಪಣಿಯ ಸೇನಾಧಿಕಾರಿ ವೆಲ್ಷ್ ಎಂಬವನು ಅವನ ಅತಿಥಿಯಾಗಿ ಬಂದು, ಅವನೊಡನೆ ಬೇಟೆಯಾಡಿ, ಆತಿಥ್ಯಕ್ಕೆ ಮಾರುಹೋಗಿ ಹಿಂದಿರುಗಿದನು. ಬೇಟೆಗೆ ಕಾಡು ಸೋಹುವವರು ಯಾರು, ಅವರು ಯಾವ ಭಯಕ್ಕೆ ಓಡಿಬರುತ್ತಾರೆ ಎಂಬುದು ಅತಿಥಿಯ ಕಣ್ಣಿಗೆ ಬೀಳತಕ್ಕ ಸಂಗತಿಯಲ್ಲ. ಅರಮನೆಯ ಊಟ ಉಂಡವನಿಗೆ ಅಡಿಗೆಮನೆಯ ಹೊಗೆ ಕಾಣುವುದಿಲ್ಲ.

೧೮೨೦ರಲ್ಲಿ ಲಿಂಗರಾಜನು ತೀರಿಕೊಂಡ ಮೇಲೆ ಅವನ ಮಗ ಚಿಕ್ಕವೀರರಾಜೇಂದ್ರನು, ಇಪ್ಪತ್ತರ ಹರೆಯದವನು, ಗದ್ದುಗೆಗೆ ಬಂದನು. ಅವನ ಕಾಲದ ಕ್ರೌರ್ಯದ ಕಥೆಗಳನ್ನು ಇಲ್ಲಿ ಪಟ್ಟಿ ಮಾಡುವ ಇಚ್ಛೆ ನನಗಿಲ್ಲ. ತನ್ನ ಗದ್ದುಗೆಗೆ ಅಡ್ಡ ಬರಬಹುದಾದ ಬಂಧುಗಳನ್ನು ಅವನು ಉಳಿಸಲಿಲ್ಲ ಎಂಬುದು ಅವನ ಮೇಲಿನ ಮುಖ್ಯ ಆರೋಪ. ನಾಯಿಗಳನ್ನು ನೋಡಿಕೊಳ್ಳುತ್ತಿದ್ದ ಕುಂಟಬಸವನು ಅವನ ಆಪ್ತ ಮಂತ್ರಿಯಾಗಿ ಮೆರೆದುದು ಎಲ್ಲರಿಗೂ ಗೊತ್ತಿರುವ ವಿಷಯ. ಮಾಸ್ತಿಯವರು ೧೯೫೬ರಲ್ಲಿ ಪ್ರಕಟಿಸಿದ ‘ಚಿಕವೀರ ರಾಜೇಂದ್ರ’ ಕಾದಂಬರಿಯಿಂದಾಗಿ ಈ ಹೆಸರುಗಳು ಕನ್ನಡನಾಡಿನ ಎಲ್ಲ ಮನೆಗಳನ್ನೂ ಮುಟ್ಟಿವೆ.

ಈ ಕಥೆಗಳ ಮೂಲದ ವಿಷಯದಲ್ಲಿ ಒಂದು ಮಾತು ಹೇಳಬೇಕು. ಅವುಗಳಲ್ಲಿ ಬಹುಭಾಗವನ್ನು ಮೊದಲು ಬರೆದಿಟ್ಟವನು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ‘ಮಂಗಳೂರ ಸಮಾಚಾರ’ವನ್ನು ೧೮೪೩ರಲ್ಲಿ ಹೊರಡಿಸಿದ ಆ ಮೊಗ್ಲಿಂಗನೇ ೧೮೫೩ರಲ್ಲಿ ಕೊಡಗಿಗೆ ಬಂದು, ನಮ್ಮ ಸೀಮೆಯ ಆನಂದಪುರದಲ್ಲಿ ಮಿಷನ್ನಿನ ನೆಲೆಯನ್ನು ಹಾಕಿದನು. ೧೮೫೫ರಲ್ಲಿ ಅವನ ಕೊಡಗಿನ ವೃತ್ತಾಂತ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅವನು ಬರುವ ವೇಳೆಗೆ ರಾಜನು ಇಳಿದು ಹತ್ತೊಂಬತ್ತು ವರ್ಷವಾಗಿತ್ತು. ಗೆದ್ದವರ ಆಳ್ವಿಕೆಯಲ್ಲಿ, ಸೋತವನ ವಿಷಯವಾಗಿ, ಭಯ ಹೋದ ಮೇಲೆ ಬಿಚ್ಚಿದ ಬಾಯಿಗಳಿಂದ ಅವನು ಕೇಳಿದ ಮಾತುಗಳವು. ಆದಕಾರಣ ಕೆಲವು ಹಿಗ್ಗಿರಬಹುದು. ಆದರೆ ಹಿಗ್ಗಲು ಬೀಜವಾದರೂ ಇರಬೇಕಷ್ಟೆ. ರಾಜನ ಒಡಹುಟ್ಟಿದ ತಂಗಿಯೇ ಪ್ರಾಣಭಯದಿಂದ ರಾತ್ರೋರಾತ್ರಿ ನಾಡನ್ನು ಬಿಟ್ಟು ಓಡಿದಳೆಂಬುದು ಯಾವ ಪಾದ್ರಿಯೂ ಕಟ್ಟಿದ ಕಥೆಯಲ್ಲ.

ಅವಳ ಹೆಸರೂ ದೇವಮ್ಮಾಜಿ. ಪಟ್ಟ ತಪ್ಪಿದ ದೇವಮ್ಮಾಜಿಯೇ ಬೇರೆ, ಇವಳೇ ಬೇರೆ. ಅಪ್ಪಗಳದ ಚೆನ್ನಬಸಪ್ಪನು ಇವಳ ಗಂಡ. ೧೮೩೨ರಲ್ಲಿ ಇಬ್ಬರೂ ತಪ್ಪಿಸಿಕೊಂಡು ಹೋಗಿ ಮೈಸೂರಿನಲ್ಲಿ ಕುಂಪಣಿಯ ರೆಸಿಡೆಂಟನಾಗಿದ್ದ ಕ್ಯಾಸಮೇಜರನ ಆಶ್ರಯ ಬೇಡಿದರು. ರಾಜನು ಅವರನ್ನು ಒಪ್ಪಿಸೆಂದನು, ಕುಂಪಣಿ ಒಪ್ಪಿಸಲಿಲ್ಲ. ಪತ್ರಗಳು ನಡೆದವು, ರಾಜನ ಪತ್ರಗಳ ಮಾತು ಬರಬರುತ್ತ ಕಟುವಾಯಿತು. ಸಂಧಾನಕ್ಕೆಂದು ಬಂದ ಕಲ್ಪಟ್ಟಿ ಕರುಣಾಕರ ಮೇನೋನ್ ಎಂಬ ಮಲೆಯಾಳದ ಹಳೆಯ ನೌಕರನನ್ನು ರಾಜನು ತಡೆದು ನಿಲ್ಲಿಸಿಕೊಂಡನು. ತಂಗಿ ಬಂದರೆ ಇವನನ್ನು ಬಿಡುತ್ತೇನೆಂಬುದು ಅವನ ಲೆಕ್ಕ. ಆ ಲೆಕ್ಕ ತಪ್ಪಿತು.

೧೮೩೪ರ ಮಾರ್ಚ್ ತಿಂಗಳಲ್ಲಿ ಫ್ರೇಸರನು ಕುಂಪಣಿಯ ಪರವಾಗಿ ಒಂದು ಪ್ರಕಟಣೆ ಹೊರಡಿಸಿದನು. ಈ ಕಥೆಯ ಮರ್ಮವೆಲ್ಲ ಆ ಪ್ರಕಟಣೆಯಲ್ಲಿ ಅಡಗಿದೆ. ಅದನ್ನು ನಿಧಾನವಾಗಿ ಓದಿದರೆ ಮೂರು ಸಂಗತಿಗಳು ಹೊಳೆಯುತ್ತವೆ.

ಮೊದಲನೆಯದು: ರಾಜನು ಬಹುಕಾಲದಿಂದ ಕುಂಪಣಿಯ ಸ್ನೇಹಕ್ಕೆ ಅನರ್ಹನಾಗಿ ನಡೆದುಕೊಂಡಿದ್ದಾನೆ ಎಂದು ಅದು ಹೇಳುತ್ತದೆ. ಬಹುಕಾಲದಿಂದ! ಹಾಗಾದರೆ ಆ ಬಹುಕಾಲವೂ ಸ್ನೇಹ ನಡೆದು ಬಂದುದು ಹೇಗೆ? ಈ ಪ್ರಶ್ನೆಗೆ ಪ್ರಕಟಣೆಯಲ್ಲಿ ಉತ್ತರವಿಲ್ಲ.

ಎರಡನೆಯದು: ರಾಜನು ಪ್ರಜೆಗಳನ್ನು ಅತಿಯಾಗಿ ಹಿಂಸಿಸಿದನೆಂದು ಪ್ರಕಟಣೆ ಸಾರುತ್ತದೆ, ಆದರೆ ಅದರ ನಿದರ್ಶನಗಳನ್ನು ಎಣಿಸುವುದು ಅನಾವಶ್ಯಕವೆಂದು ಮುಂದಕ್ಕೆ ಸರಿಯುತ್ತದೆ. ಅನಂತರ ಎಣಿಸಿಕೊಡುವ ಅಪರಾಧಗಳು ಯಾವುವು? ಗವರ್ನರರಿಗೆ ಅವಮಾನಕರವಾದ ಪತ್ರ ಬರೆದದ್ದು, ಕುಂಪಣಿಗೆ ಎದುರಾಗಿ ನಿಂತದ್ದು, ಕುಂಪಣಿಯ ಶತ್ರುಗಳಿಗೆ ಎಡೆಗೊಟ್ಟದ್ದು, ಕುಂಪಣಿಯ ನೌಕರನನ್ನು ಹಿಡಿದಿಟ್ಟದ್ದು. ಕೊಡಗಿನ ಒಬ್ಬ ಸತ್ತ ರೈತನ ಹೆಸರೂ ಅದರಲ್ಲಿಲ್ಲ. ಹೆಸರು ಹಿಡಿದು ಹೇಳಿರುವುದು ಓಡಿಹೋದ ತಂಗಿ, ಅವಳ ಗಂಡ ಮತ್ತು ಸೆರೆಸಿಕ್ಕ ಮೇನೋನ್ ಇವರನ್ನು. ಪ್ರಜೆಗಳ ನೋವು ಪೀಠಿಕೆಗೆ ಬಂದಿತು; ಕುಂಪಣಿಯ ಮಾನ ಫಿರ್ಯಾದಿಗೆ ಬಂದಿತು.

ಮೂರನೆಯದು: ಈ ರಾಜನೂ ಇವನ ಹಿರಿಯರೂ ಕುಂಪಣಿಯಿಂದ ಯಾವಾಗಲೂ ದಯೆಯನ್ನೂ ರಕ್ಷಣೆಯನ್ನೂ ಪಡೆದವರು ಎಂದು ಅದು ಹೇಳಿಕೊಳ್ಳುತ್ತದೆ. ರಾಜನ ಕೃತಘ್ನತೆಯನ್ನು ತೋರಿಸಲು ಬರೆದ ಮಾತಿದು. ಆದರೆ ಆ ರಕ್ಷಣೆಯ ನೆರಳಲ್ಲಿಯೇ ಹಿಂಸೆ ಬೆಳೆಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ? ಆರೋಪಪಟ್ಟಿ ಬರೆದವನು ತನ್ನ ತಪ್ಪೊಪ್ಪಿಗೆಯನ್ನೂ ಅದರೊಳಗೇ ಬರೆದಿಟ್ಟಿದ್ದಾನೆ. ಬರೆದದ್ದು ಅವನಿಗೆ ತಿಳಿಯಲಿಲ್ಲ, ಅಷ್ಟೆ.

ಹಾಗಾದರೆ ನಿಜವಾಗಿ ಬದಲಾದದ್ದು ಏನು? ನನ್ನ ಲೆಕ್ಕದಲ್ಲಿ ಬದಲಾದದ್ದು ಭೂಪಟ. ೧೭೯೦ರಲ್ಲಿ ಕೊಡಗು ಟಿಪ್ಪುವಿನ ಪಕ್ಕೆಗೆ ಚುಚ್ಚಿದ ಕತ್ತಿ. ೧೭೯೯ರ ಮೇಲೆ ಟಿಪ್ಪುವಿಲ್ಲ. ೧೮೧೮ರ ಮೇಲೆ ಪೇಶ್ವೆಯಿಲ್ಲ. ೧೮೩೧ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು, ಮೂವತ್ತೆರಡು ವರ್ಷಗಳ ಹಿಂದೆ ಕುಂಪಣಿಯೇ ಗದ್ದುಗೆಯಲ್ಲಿ ಕೂಡಿಸಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ, ಆಡಳಿತ ಕೆಟ್ಟಿತೆಂಬ ಕಾರಣ ಕೊಟ್ಟು, ಮೈಸೂರಿನ ಆಡಳಿತವನ್ನು ತೆಗೆದುಕೊಂಡನು. ಮೂಡಲಲ್ಲಿ ಮೈಸೂರು, ಪಡುವಲಲ್ಲಿ ಮಲಬಾರು ಮತ್ತು ಕೆನರಾ. ಎಲ್ಲವೂ ಕುಂಪಣಿಯ ಕೈಯಲ್ಲಿ. ನಡುವೆ ಕೊಡಗೊಂದು ದ್ವೀಪ. ದಾರಿ ಬೇಕಾಗಿದ್ದಾಗ ದಾರಿ ಕಾಯುವವನು ಮಿತ್ರ. ಸುತ್ತೆಲ್ಲ ತನ್ನದೇ ಆದಾಗ ಅವನು ಅಡ್ಡಿ. ಅಂಬಿಗನ ಹಂಗು ಹೊಳೆ ದಾಟುವ ತನಕ. ದಾಟಿದ ಮೇಲೆ ಅಂಬಿಗನು ಕುಡುಕ, ಅವನ ದೋಣಿ ತೂತು, ಅವನು ಹೆಂಡತಿಯನ್ನು ಹೊಡೆಯುತ್ತಾನೆ ಎಂಬುದೆಲ್ಲ ನೆನಪಿಗೆ ಬರುತ್ತದೆ. ಅವನು ಹೊಡೆಯುತ್ತಿದ್ದುದು ನಿಜವೇ. ದೋಣಿಯಲ್ಲಿ ಕೂತಿದ್ದಾಗ ಅವಳ ಅಳು ಕೇಳಿಸಲಿಲ್ಲವೆ ಎಂಬುದೇ ಪ್ರಶ್ನೆ.

ಯುದ್ಧ ದೊಡ್ಡದಾಗಿ ನಡೆಯಲಿಲ್ಲ. ಏಪ್ರಿಲ್ ಮೊದಲಲ್ಲಿ ಕುಂಪಣಿಯ ಸೈನ್ಯ ಲಿಂಡ್ಸೆಯ ನಾಯಕತ್ವದಲ್ಲಿ ನಾಲ್ಕು ದಿಕ್ಕಿನಿಂದ ನಾಡನ್ನು ಹೊಕ್ಕಿತು. ಬಡಗಣದಲ್ಲಿ ಬಕ್ಕದ ಹತ್ತಿರ ಕೊಡಗಿನವರು ವಾ ಎಂಬ ಸೇನಾಧಿಕಾರಿಯ ದಂಡನ್ನು ಹೊಡೆದು ನಿಲ್ಲಿಸಿದರು. ಕೆನರಾದ ಕಡೆಯಿಂದ ಹತ್ತಿ ಬಂದ ಜಾಕ್ಸನನ ತುಕಡಿಯೂ ಹಿಂದೆಗೆಯಬೇಕಾಯಿತು. ಕಾದಲು ಜನರಿದ್ದರು, ಕಾದಿಸುವ ಮನಸ್ಸು ರಾಜನಿಗಿರಲಿಲ್ಲ. ದಿವಾನ ಅಪ್ಪಾರಂಡ ಬೋಪು ಸಂಧಾನಕ್ಕೆ ಬಂದು ಸೈನ್ಯವನ್ನು ಮಡಿಕೇರಿಗೆ ಕರೆತಂದನು. ಏಪ್ರಿಲ್ ೬ರಂದು ಮಡಿಕೇರಿಯ ಕೋಟೆಯ ಮೇಲೆ ಇಂಗ್ಲಿಷರ ಬಾವುಟ ಏರಿತು. ನಾಲ್ಕುನಾಡಿನ ಅರಮನೆಯಲ್ಲಿದ್ದ ರಾಜನು ಕೆಲವು ದಿನಗಳಲ್ಲಿ ಬಂದು ಶರಣಾದನು. ಅರಮನೆಯ ದ್ರವ್ಯ ಗೆದ್ದ ಸೈನ್ಯಕ್ಕೆ ಹಂಚಿಹೋಯಿತು.

ಮೇ ೭ರಂದು ಎರಡನೆಯ ಪ್ರಕಟಣೆ. ಕೊಡಗಿನ ನಿವಾಸಿಗಳೆಲ್ಲರ ಏಕಕಂಠದ ಅಪೇಕ್ಷೆಯಂತೆ ನಾಡು ಕುಂಪಣಿಗೆ ಸೇರಿತು ಎಂಬುದು ಅದರ ಸಾರಾಂಶ. ಕಾವಲಿನ ಸೈನ್ಯ ಕೋಟೆಯಲ್ಲಿರುವಾಗ ಕಂಠಗಳು ಏಕವಾಗುವುದು ಆಶ್ಚರ್ಯವಲ್ಲ. ರಾಜನಿಂದ ಬೇಸತ್ತವರು ಅನೇಕರಿದ್ದರು, ಕುಂಪಣಿಯನ್ನು ಮನಸಾರೆ ಸ್ವಾಗತಿಸಿದವರೂ ಇದ್ದರು ಎಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ‘ಎಲ್ಲರೂ’ ಎಂಬ ಮಾತು ಮೂರೇ ವರ್ಷದಲ್ಲಿ ಸುಳ್ಳಾಯಿತು. ಪುತ್ತೂರು, ಅಮರಸುಳ್ಯ ಸೀಮೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದ್ದರು. ರಾಜನ ಕಾಲದಲ್ಲಿ ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ಈಗ ನಗದಾಗಿ ಕೊಡಬೇಕಾಯಿತು. ಪೈಕ ಎಲ್ಲಿಂದ ತರುವುದು? ೧೮೩೭ರಲ್ಲಿ ಜನ ದಂಗೆಯೆದ್ದರು. ಕಲ್ಯಾಣಸ್ವಾಮಿಯೆಂಬ ಹೆಸರಿನಲ್ಲಿ ಪುಟ್ಟಬಸಪ್ಪನು ಮುಂದೆ ನಿಂತನು. ದಂಗೆಕಾರರು ಮಂಗಳೂರಿನವರೆಗೆ ಹೋಗಿ ಕೆಲವು ದಿನ ಊರನ್ನೇ ಹಿಡಿದುಕೊಂಡಿದ್ದರು. ಕೊನೆಗೆ ದಂಗೆ ಅಡಗಿತು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷದ ಅಕ್ಟೋಬರ್ ೩೧ರಂದು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದರು. ಕುಂಪಣಿಯ ಪರವಾಗಿ ನಿಂತವರಿಗೆ ಪದಕಗಳೂ ಜಹಗೀರುಗಳೂ ಸಂದವು. ಮರಣದಂಡನೆ ರಾಜನ ಕೈಯಲ್ಲಿ ಕ್ರೌರ್ಯ, ಸರಕಾರದ ಕೈಯಲ್ಲಿ ಶಾಂತಿರಕ್ಷಣೆ.

ಪದಚ್ಯುತನಾದ ರಾಜನ ಮುಂದಿನ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. ವೆಲ್ಲೂರಿನ ಮೇಲೆ ಅವನನ್ನು ಕಾಶಿಗೆ ಒಯ್ದಿಟ್ಟರು. ೧೮೫೨ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದನು. ಆ ವರ್ಷದ ಜೂನ್ ೩೦ರಂದು ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಇಟ್ಟಳು. ಹದಿನೆಂಟು ವರ್ಷಗಳ ಹಿಂದೆ ಯಾವ ಸರಕಾರ ತಂದೆಯನ್ನು ರಾಕ್ಷಸನೆಂದು ಸಾರಿತೋ ಆ ಸರಕಾರದ ರಾಜಧಾನಿಯಲ್ಲಿ ಮಗಳು ಅರಮನೆಯ ಮುದ್ದಿನ ಕೂಸು. ರಾಜನಿಗೆ ಅಲ್ಲಿ ಬೇರೆ ಕೆಲಸವೂ ಇತ್ತು. ಕುಂಪಣಿಯ ಸಾಲಪತ್ರಗಳಲ್ಲಿ ಹಾಲೇರಿ ಅರಸರು ತೊಡಗಿಸಿದ್ದ ಹಣ ತನ್ನದು, ಅದನ್ನು ಕೊಡಿಸಬೇಕು ಎಂದು ಅವನು ಅಲ್ಲಿಯ ನ್ಯಾಯಾಲಯಕ್ಕೆ ಹೋದನು. ೧೮೫೯ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ೧೮೬೦ರಲ್ಲಿ ತೀರ್ಪು ಬಂದಿತು: ಕುಂಪಣಿ ಸಾರ್ವಭೌಮಶಕ್ತಿಯಾಗಿ ಯುದ್ಧದಲ್ಲಿ ವಶಪಡಿಸಿಕೊಂಡದ್ದನ್ನು ನ್ಯಾಯಾಲಯ ವಿಚಾರಿಸಲಾರದು. ಹಣ ಇಸಿದುಕೊಳ್ಳುವಾಗ ಕುಂಪಣಿ ವರ್ತಕ. ಹಿಂದಕ್ಕೆ ಕೇಳಿದಾಗ ಚಕ್ರವರ್ತಿ.

ಇದು ನಮ್ಮ ಮೂಲೆಯ ಕಥೆ, ಇಂಗ್ಲಿಷರೊಬ್ಬರ ಚಾಳಿ ಎಂದು ಯಾರಾದರೂ ತಿಳಿದರೆ ಅದು ಸರಿಯಲ್ಲ. ಇರಾಕಿನ ಸದ್ದಾಂ ಹುಸೇನನ ಕಥೆಯನ್ನು ನೋಡಿ. ೧೯೮೦ರಿಂದ ೧೯೮೮ರವರೆಗೆ ಅವನು ಇರಾನಿನೊಡನೆ ಯುದ್ಧ ಮಾಡುತ್ತಿದ್ದಾಗ ಅಮೆರಿಕಾ ಸರಕಾರ ಅವನಿಗೆ ಅನುಕೂಲವಾಗಿತ್ತು. ೧೯೮೩ರಲ್ಲಿ ಆ ದೇಶದ ರಾಯಭಾರಿಯಾಗಿ ರಮ್ಸ್‌ಫೆಲ್ಡ್ ಬಾಗ್ದಾದಿಗೆ ಹೋಗಿ ಅವನ ಕೈಕುಲುಕಿ ಬಂದನು. ೧೯೮೮ರಲ್ಲಿ ಹಲಬ್ಜಾ ಎಂಬ ಕುರ್ದರ ಊರಿನ ಮೇಲೆ ಸದ್ದಾಮನ ಸೈನ್ಯ ವ್ರಿಷವಾಯು ಸುರಿದಾಗಲೂ ಸಂಬಂಧ ಕಡಿಯಲಿಲ್ಲ. ೧೯೯೦ರಲ್ಲಿ ಅವನು ಕುವೈತನ್ನು ನುಂಗಿದ ಮೇಲೆ ಅವನು ವೈರಿಯಾದನು. ೨೦೦೩ರಲ್ಲಿ ಅವನನ್ನು ಇಳಿಸಲು ಸೈನ್ಯ ಹೊರಟಾಗ ಹಲಬ್ಜಾದ ಹೆಣಗಳು ಭಾಷಣಗಳಿಗೆ ಬಂದುವು. ಆಗ ರಕ್ಷಣಾಮಂತ್ರಿಯಾಗಿದ್ದವನು ಅದೇ ರಮ್ಸ್‌ಫೆಲ್ಡ್. ಫ್ರೇಸರನ ಪ್ರಕಟಣೆಯನ್ನು ಓದಿದವನಿಗೆ ಇದರಲ್ಲಿ ಹೊಸದೇನೂ ಕಾಣದು. ನಿನ್ನೆಯ ಹೆಣಗಳಿಗೆ ಇಂದು ಬೆಲೆ ಬರುವುದು ಇಂದು ಅವುಗಳಿಂದ ಕೆಲಸವಾಗಬೇಕಾಗಿರುವುದರಿಂದ.

ಇಲ್ಲಿ ಒಂದು ಆಕ್ಷೇಪ ಬರಬಹುದು. ತಡವಾಗಿಯಾದರೂ ದುಷ್ಟನನ್ನು ಇಳಿಸಿದ್ದು ಒಳ್ಳೆಯದಲ್ಲವೆ? ಇಳಿಸಿದವನ ಮನಸ್ಸು ಹೇಗಿದ್ದರೇನು, ಜನಕ್ಕೆ ಉಸಿರು ಬಂದರಾಯಿತು ಎಂದು ಕೇಳುವವರಿದ್ದಾರೆ. ಈ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಚೆನ್ನಬಸಪ್ಪನೂ ದೇವಮ್ಮಾಜಿಯೂ ಓಡಿಹೋದ ರಾತ್ರಿ ಅವರಿಗೆ ಕುಂಪಣಿಯ ಗಡಿ ಪ್ರಾಣದ ಗಡಿಯೇ ಆಗಿತ್ತು. ಆಶ್ರಯ ಕೊಟ್ಟದ್ದು ಒಳ್ಳೆಯ ಕೆಲಸ. ಅದನ್ನು ಒಳ್ಳೆಯದೆಂದೇ ಕರೆಯಬೇಕು. ಆದರೆ ಪರಿಹಾರವನ್ನು ಕೊಡುವವನು ತನ್ನ ಪಾಲಿನ ತಪ್ಪನ್ನು ಮುಚ್ಚಿಟ್ಟರೆ ಎರಡು ಕೇಡುಗಳಾಗುತ್ತವೆ. ನೊಂದವರ ನೋವು ಅವರದಾಗಿ ಉಳಿಯದೆ ಗೆದ್ದವನ ಸನ್ನದಾಗುತ್ತದೆ, ಅದು ಒಂದು. ಮುಂದೆ ಅದೇ ಕೈ ಇನ್ನೊಬ್ಬ ದುಷ್ಟನನ್ನು ಸಾಕಲು ಅಡ್ಡಿಯಿಲ್ಲದೆ ಹೋಗುತ್ತದೆ, ಅದು ಇನ್ನೊಂದು. ಹಾವಿಗೆ ಹಾಲೆರೆದವನು ಹಾವನ್ನು ಕೊಂದ ದಿನ ಊರಿಗೆ ಉಪಕಾರ ಮಾಡಿದವನೇ ಸರಿ. ಹಾಲಿನ ಲೆಕ್ಕವನ್ನು ಕೇಳಬಾರದೆಂದು ಮಾತ್ರ ಹೇಳಬಾರದು.

ಲೆಕ್ಕ ಕೇಳುವಾಗ ನಮ್ಮವರನ್ನು ಬಿಡಬೇಕೆಂದೂ ನಾನು ಹೇಳುವುದಿಲ್ಲ. ರಾಜನ ಅಪ್ಪಣೆಯನ್ನು ನಡೆಸಿದವರು ಇಂಗ್ಲಿಷರಲ್ಲ. ಉಕ್ಕಡ ಕಾದವರು, ಓಲೆ ಬರೆದವರು, ಕತ್ತಿ ಹಿಡಿದವರು ಇಲ್ಲಿಯವರೇ. ಅವರಲ್ಲಿ ಕೆಲವರು ೧೮೩೪ರಲ್ಲಿ ಒಡೆಯನನ್ನು ಬದಲಾಯಿಸಿದರೇ ಹೊರತು ಉದ್ಯೋಗವನ್ನು ಬದಲಾಯಿಸಲಿಲ್ಲ. ಬೋಪುವೂ ಚೆಪ್ಪುಡೀರ ಪೊನ್ನಪ್ಪನೂ ರಾಜನಿಗೂ ದಿವಾನರು, ಕುಂಪಣಿಗೂ ದಿವಾನರು. ಅವರು ನಾಡನ್ನು ರಕ್ತಪಾತದಿಂದ ಉಳಿಸಿದರೆಂದು ಹೇಳುವವರಿದ್ದಾರೆ, ಅದೂ ಇರಬಹುದು. ಪ್ರಾಣಭಯದಲ್ಲಿ ಬಾಳಿದವರನ್ನು ಇಂದಿನ ಜಗಲಿಯಲ್ಲಿ ಕುಳಿತು ನಾವು ಸುಲಭವಾಗಿ ತೂಗಬಾರದು. ಆದರೆ ಪಟ್ಟಿಯಿಂದ ಅವರನ್ನು ಬಿಟ್ಟು, ಪರದೇಶದವರ ಮೇಲೆ ಎಲ್ಲ ಹೊರೆಯನ್ನೂ ಹೊರಿಸಿದರೆ, ಫ್ರೇಸರನು ಮಾಡಿದ ಕೆಲಸವನ್ನೇ ನಾವೂ ಮಾಡಿದಂತಾಗುತ್ತದೆ.

ಹಾಲೇರಿ ಅರಸರು ನಮಗೆ ಒಂದು ಎಚ್ಚರಿಕೆಯನ್ನು ಬಿಟ್ಟುಹೋಗಿದ್ದಾರೆ. ದೊಡ್ಡವೀರರಾಜನು ತನ್ನ ವಂಶದ ಚರಿತ್ರೆಯನ್ನು ತಾನೇ ‘ರಾಜೇಂದ್ರನಾಮೆ’ಯೆಂದು ಬರೆಯಿಸಿದನು, ೧೮೦೮ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಆಯಿತು. ಅದರಲ್ಲಿ ಕುಂಪಣಿಯ ಸ್ನೇಹಕ್ಕೆ ದೊಡ್ಡ ಸ್ಥಾನವಿದೆ. ಕುಂಪಣಿಯವರೂ ಅದನ್ನು ಆದರದಿಂದ ಕೈಗೆತ್ತಿಕೊಂಡರು. ರಾಜನ ಪುಸ್ತಕವನ್ನು ಕುಂಪಣಿ ಓದಿತು, ಕುಂಪಣಿಯ ಪ್ರಕಟಣೆಯನ್ನು ನಾವು ಓದಿದೆವು. ಈ ಎರಡರಲ್ಲಿಯೂ ಬರೆಯಿಸಿಕೊಳ್ಳದೆ ಹೋದವರು ಅಬರ್‌ಕ್ರೋಂಬಿಯ ಸೈನ್ಯಕ್ಕೆ ಅಕ್ಕಿ ಹೊತ್ತು ಘಟ್ಟ ಹತ್ತಿದ ಆಳುಗಳು, ಲಿಂಗರಾಜನ ಬೇಟೆಗೆ ಕಾಡು ಸೋವಿದವರು, ಎಣಿಸುವುದು ಅನಾವಶ್ಯಕವೆಂದು ಫ್ರೇಸರನು ಕೈಬಿಟ್ಟ ಆ ನಿದರ್ಶನಗಳೊಳಗೆ ಹೆಣವಾಗಿ ಬಿದ್ದವರು. ಯಾವ ಸರಕಾರವಾದರೂ ನಿನ್ನೆಯ ಗೆಳೆಯನನ್ನು ಇಂದು ದುಷ್ಟನೆಂದು ಸಾರಿದಾಗ ಓದುಗನು ಮೊದಲು ಹುಡುಕಬೇಕಾದದ್ದು ಆ ಅನಾವಶ್ಯಕದ ಪಟ್ಟಿಯನ್ನು. ಅದನ್ನು ಎಣಿಸಿ ಮುಂದಿಟ್ಟ ಸರಕಾರದ ಕೋಪ ನ್ಯಾಯದ ಕೋಪ. ಎಣಿಸದೆ ಮುಂದಕ್ಕೆ ಸರಿದದ್ದು, ಹೊಳೆ ದಾಟಿದವನ ಕೋಪ.